ಕಟಿಂಗ್ ಚಾಯ್ ಮತ್ತು 149 ರೂಪಾಯಿ: ಕೇಬಲ್ ಅಣ್ಣನಿಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು: ಓಟಿಟಿ ಚಂದಾ, ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ, ಧಾರಾವಾಹಿ ನೋಡಲು ಕಟ್ಟುವ ಹಣ. ಯಾಕೆ ಇಷ್ಟು, ಯಾಕೆ ಅಷ್ಟು, ಯಾವುದನ್ನು ಬಿಡಲಿ, ಯಾವುದನ್ನು ಇಟ್ಟುಕೊಳ್ಳಲಿ. ಹಾಗಾಗಿ ಫ್ರಿಜ್, ಇನ್ವರ್ಟರ್ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಅರ್ಥಶಾಸ್ತ್ರ ಕಲಿತವನಲ್ಲ. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು ಘಾಟ್ಕೋಪರಿನ ಹೋಟೆಲಿನಲ್ಲಿ ಟೇಬಲ್ ಒರೆಸಿದವನು. ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸ್ ಮುಗಿಸಿದೆ. 1992ರಿಂದ 2013ರವರೆಗೆ ಭಾಂಡುಪ್‌ನಲ್ಲಿ ಕೇಬಲ್ ಟಿವಿ ನಡೆಸಿದೆ. ಇಪ್ಪತ್ತೊಂದು ವರ್ಷ ಬಾಗಿಲು ತಟ್ಟಿ ತಿಂಗಳ ಹಣ ವಸೂಲಿ ಮಾಡಿದವನಿಗೆ ಜನ ಯಾವಾಗ ಕೊಡುತ್ತಾರೆ, ಯಾವಾಗ ಮಗುವಿನ ಕೈಯಲ್ಲಿ "ಅಪ್ಪ ಮನೆಯಲ್ಲಿಲ್ಲ" ಅನ್ನಿಸುತ್ತಾರೆ ಅಂತ ಗೊತ್ತಿರುತ್ತದೆ. ನನ್ನ ವಿದ್ಯೆ ಅಷ್ಟೇ.

ಪ್ರಶ್ನೆ: ಅಣ್ಣಾ, ನೆಟ್‌ಫ್ಲಿಕ್ಸ್ ಇಲ್ಲಿಗೆ ಬಂದಾಗ ತಿಂಗಳಿಗೆ 500 ರೂಪಾಯಿ ಇತ್ತು. ಈಗ ನನ್ನ ಸೊಸೆ ಮೊಬೈಲಿನಲ್ಲಿ 149ಕ್ಕೆ ನೋಡುತ್ತಾಳೆ. ಅದೇ ಸಿನಿಮಾ, ಅದೇ ಧಾರಾವಾಹಿ. ಹಾಗಾದರೆ ಮೊದಲು ನಮಗೆ ಟೋಪಿ ಹಾಕುತ್ತಿದ್ದರಾ? ಅಥವಾ ಈಗ ನಷ್ಟದಲ್ಲಿ ಮಾರುತ್ತಿದ್ದಾರಾ?
(ಗೃಹಿಣಿ, ಡೊಂಬಿವಲಿ ಪೂರ್ವ)

ಎರಡೂ ಅಲ್ಲ ಅಕ್ಕಾ. ಉತ್ತರ ಸ್ವಲ್ಪ ಉದ್ದ ಇದೆ, ಚಾ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ಖರ್ಚಿನ ಮಾತು. ಭಾಂಡುಪ್‌ನ ನನ್ನ ಕಂಟ್ರೋಲ್ ರೂಮ್ ಅಂದರೆ ಎಂಟಡಿ ಉದ್ದ, ಆರಡಿ ಅಗಲದ ಒಂದು ಗೂಡು. ಮೇಲೆ ಡಿಶ್, ಒಳಗೆ ನಾಲ್ಕೈದು ರಿಸೀವರ್, ಒಂದು ವಿಸಿಆರ್, ಒಂದು ಟೇಬಲ್ ಫ್ಯಾನ್. ಫ್ಯಾನ್ ನನಗಲ್ಲ, ರಿಸೀವರ್‌ಗಳಿಗೆ. ಖರ್ಚೆಲ್ಲ ಆ ಗೂಡಿನಲ್ಲೇ ಮುಗಿಯುತ್ತಿತ್ತು. ಒಂದು ಮನೆಗೆ ತೋರಿಸಿದರೂ ಅಷ್ಟೇ, ನಾನೂರು ಮನೆಗೆ ತೋರಿಸಿದರೂ ಹೆಚ್ಚು ಕಡಿಮೆ ಅಷ್ಟೇ. ನಾನೂರ ಒಂದನೇ ಮನೆ ಸೇರಿದರೆ ಹದಿನೈದು ಮೀಟರ್ ವೈರು, ಎರಡು ಕನೆಕ್ಟರ್, ಹುಡುಗನ ಅರ್ಧ ಗಂಟೆ. ಆಮೇಲೆ ಆ ಮನೆಯಿಂದ ಬಂದದ್ದೆಲ್ಲ ಸೀದಾ ಗಲ್ಲಾಕ್ಕೆ.

ಓಟಿಟಿಯದೂ ಇದೇ ಕಥೆ, ಗೂಡು ದೊಡ್ಡದು ಅಷ್ಟೇ. ಧಾರಾವಾಹಿ ತೆಗೆಯಲು ಕೋಟಿಗಟ್ಟಲೆ ಸುರಿಯುತ್ತಾರೆ. ತೆಗೆದಾದ ಮೇಲೆ ನಿಮ್ಮ ಸೊಸೆ ಒಬ್ಬಳು ಹೆಚ್ಚಿಗೆ ನೋಡಿದರೆ ಇಂಟರ್ನೆಟ್‌ನಲ್ಲಿ ಚಿತ್ರ ಕಳಿಸುವ ಖರ್ಚು, ಹಣ ವಸೂಲಿಯ ಖರ್ಚು, ಇಷ್ಟೇ ಹೆಚ್ಚುವುದು. 149ಕ್ಕೆ ಕೊಟ್ಟರೂ ಅವಳಿಂದ ಕೈ ಸುಡುವುದಿಲ್ಲ.

ಹಾಗಾದರೆ ಎಲ್ಲರಿಗೂ 149 ಮಾಡಬಹುದಲ್ಲ ಅಂತೀರಿ. ಗಂಟು ಇರುವುದೇ ಅಲ್ಲಿ.

ಘಾಟ್ಕೋಪರಿನ ನಮ್ಮ ಹೋಟೆಲಿನಲ್ಲಿ ಮೊದಲು ಫುಲ್ ಚಾ ಮಾತ್ರ ಇತ್ತು. ಎದುರಿನ ಟಪರಿಯಲ್ಲಿ, ಅಂದರೆ ರಸ್ತೆ ಬದಿಯ ಚಾ ಗೂಡಂಗಡಿಯಲ್ಲಿ, ಕಟಿಂಗ್ ಸಿಗುತ್ತಿತ್ತು, ಅರ್ಧ ಗ್ಲಾಸ್ ಚಾ. ಹನ್ನೊಂದು ಗಂಟೆಗೆ ಪಕ್ಕದ ಕಾರ್ಖಾನೆಯ ಕೆಲಸಗಾರರು ಗುಂಪು ಗುಂಪಾಗಿ ಬಂದು, ನಮ್ಮ ಬಾಗಿಲು ದಾಟಿ, ಟಪರಿಗೆ ಹೋಗುತ್ತಿದ್ದರು. ಧಣಿ ಗಲ್ಲಾದಲ್ಲಿ ಕೂತು ಇದನ್ನು ದಿನಾ ನೋಡುತ್ತಿದ್ದರು. ಕೊನೆಗೆ ನಮ್ಮಲ್ಲೂ ಕಟಿಂಗ್ ಶುರುವಾಯಿತು. ಮೂರೇ ದಿನ. ಒಳಗೆ ಫ್ಯಾನಿನ ಕೆಳಗೆ ಕೂತು, ಪೇಪರ್ ಓದುತ್ತಾ ಫುಲ್ ಕುಡಿಯುತ್ತಿದ್ದ ಗುಮಾಸ್ತರೂ "ಏ ಛೋಟೂ, ಏಕ್ ಕಟಿಂಗ್" ಅನ್ನತೊಡಗಿದರು. ಕುರ್ಚಿ ಅದೇ, ಕೂರುವ ಹೊತ್ತು ಅದೇ, ಬಿಲ್ಲು ಮಾತ್ರ ಅರ್ಧ. ನಾಲ್ಕನೇ ದಿನ ಧಣಿ ಬಾಗಿಲ ಹೊರಗೆ ಒಂದು ಕಡಪ ಕಲ್ಲಿನ ಹಲಗೆ ಹಾಕಿಸಿದರು. ಕಟಿಂಗ್ ಅಲ್ಲಿ ಮಾತ್ರ, ನಿಂತುಕೊಂಡು. ಒಳಗೆ ಕೂತರೆ ಫುಲ್. ಚಾ ಒಂದೇ ಪಾತ್ರೆಯದ್ದು. ಗುಮಾಸ್ತರು ಗೊಣಗಿಕೊಂಡು ಫುಲ್‌ಗೆ ಮರಳಿದರು. ಕೆಲಸಗಾರರು ಹಲಗೆಯ ಹತ್ತಿರ ನಿಂತರು. ಗ್ಲಾಸ್ ತೊಳೆದು ತೊಳೆದು ನನ್ನ ಬೆರಳು ಸುಕ್ಕಾಗುತ್ತಿತ್ತು.

ಮೊಬೈಲ್ ಪ್ಲಾನ್ ಅಂದರೆ ಆ ಕಡಪ ಕಲ್ಲು. 2019ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಅದನ್ನು 199 ರೂಪಾಯಿಗೆ ತಂದಿತು. ಒಂದೇ ಫೋನು ಅಥವಾ ಟ್ಯಾಬು, 480ಪಿ ಅನ್ನುವ ಕಡಿಮೆ ಸ್ಪಷ್ಟತೆಯ ಚಿತ್ರ, ಟಿವಿಯಲ್ಲಿ ನೋಡುವಂತಿಲ್ಲ. ಟಿವಿಗೆ ಬೇಡ ಅಂದಿದ್ದರಿಂದ ಅವರಿಗೆ ಹೇಳಿಕೊಳ್ಳುವಂಥ ಉಳಿತಾಯ ಏನೂ ಇಲ್ಲ. ಕುರ್ಚಿಯವರು ಎದ್ದು ಹೊರಗೆ ಬರದಿರಲಿ ಅಂತ ಅಷ್ಟೇ. ಹೊಸ ಬುದ್ಧಿಯೂ ಅಲ್ಲ ಇದು. ಜೂಲ್ಸ್ ದುಪುಯಿ ಅನ್ನುವ ಫ್ರೆಂಚ್ ಎಂಜಿನಿಯರ್ 1849ರಲ್ಲೇ ರೈಲಿನ ಬಗ್ಗೆ ಇದನ್ನು ಬರೆದಿದ್ದ. ಮೂರನೇ ದರ್ಜೆಯ ಬೋಗಿಗೆ ಚಾವಣಿ ಹಾಕದೆ ಬಿಡುವುದು ಚಾವಣಿಯ ಖರ್ಚು ಉಳಿಸಲಿಕ್ಕಲ್ಲ, ಎರಡನೇ ದರ್ಜೆಗೆ ಕೊಡಬಲ್ಲವರು ಮೂರನೆಯದಕ್ಕೆ ಹತ್ತದಿರಲಿ ಅಂತ. ನಮ್ಮ ಲೋಕಲ್ ಗೊತ್ತಲ್ಲ, ಒಂದೇ ಬೋಗಿಯಲ್ಲಿ ಫಸ್ಟ್ ಕ್ಲಾಸಿಗೂ ಸೆಕೆಂಡ್ ಕ್ಲಾಸಿಗೂ ನಡುವೆ ಒಂದು ಜಾಲರಿ. ಬೆಳಗಿನ ಫಾಸ್ಟ್‌ನಲ್ಲಿ ಎರಡು ಕಡೆಯವರೂ ಒಂಟಿ ಕಾಲಿನಲ್ಲೇ ನಿಂತಿರುತ್ತಾರೆ, ಅದು ಬೇರೆ ಮಾತು.

ಈಗ ನಿಮ್ಮ 500ರ ಕಥೆ. 2016ರ ಜನವರಿಯಲ್ಲಿ ಅಮೆರಿಕದಲ್ಲಿ ನೆಟ್‌ಫ್ಲಿಕ್ಸ್‌ನ ಎಲ್ಲಕ್ಕಿಂತ ಕೆಳಗಿನ ಪ್ಲಾನ್ 7.99 ಡಾಲರ್. ಇಲ್ಲಿ 500 ರೂಪಾಯಿ. ಹೆಚ್ಚು ಕಡಿಮೆ ಅದನ್ನೇ ರೂಪಾಯಿಗೆ ತಿರುಗಿಸಿ ಇಟ್ಟಿದ್ದು. ಆದರೆ ಭಾಂಡುಪ್‌ನ ಮನೆಯಾಕೆ ಡಾಲರ್ ಜೊತೆ ಹೋಲಿಸುತ್ತಾಳಾ? ಕೇಬಲ್ ಬಿಲ್ ಜೊತೆ ಹೋಲಿಸುತ್ತಾಳೆ. 2019ರಲ್ಲಿ ಟಿವಿ, ಫೋನಿನವರಿಗೆ ನಿಯಮ ಮಾಡುವ ಟ್ರಾಯ್‌ನ ಹೊಸ ನಿಯಮ ಬಂದಾಗ ನೂರು ಚಾನೆಲ್‌ಗೆ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪೇ ಚಾನೆಲ್ ಹಣ ಬೇರೆ, ಆದರೂ ಇಡೀ ಮನೆ ನೋಡುತ್ತದೆ. ಅದರ ಪಕ್ಕದಲ್ಲಿ 500 ಇಟ್ಟು ನೋಡಿ.

2021ರ ಡಿಸೆಂಬರ್ 14ರಂದು ನೆಟ್‌ಫ್ಲಿಕ್ಸ್ ದರಕ್ಕೆ ಕತ್ತರಿ ಬಿತ್ತು. ಮೊಬೈಲ್ 199ರಿಂದ 149. ಬೇಸಿಕ್ 499ರಿಂದ 199. ಸ್ಟ್ಯಾಂಡರ್ಡ್ 649ರಿಂದ 499. ನಾಲ್ಕು ಪರದೆಯ ಪ್ರೀಮಿಯಂ 799ರಿಂದ 649. ಜೋರಾಗಿ ಎಲ್ಲಿ ಕತ್ತರಿಸಿದರು ನೋಡಿದಿರಾ? ಬೇಸಿಕ್‌ನಲ್ಲಿ ನೂರಕ್ಕೆ 60, ಪ್ರೀಮಿಯಂನಲ್ಲಿ ನೂರಕ್ಕೆ 19. ದೊಡ್ಡ ಟಿವಿಯ ಮನೆಯವರು 799 ಇದ್ದಾಗಲೂ ಕೊಡುತ್ತಿದ್ದರು. ಅವರಿಗೆ ಅರ್ಧಕ್ಕರ್ಧ ಬಿಟ್ಟುಕೊಡುವುದು ಸುಮ್ನೆ ದಂಡ. ಹೊಸ್ತಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದವರು ಕೆಳಗಿನ ಪ್ಲಾನಿನವರು, ಅವರಿಗೇ ಜಾಸ್ತಿ ಇಳಿಸಿದ್ದು.

ತಮಾಷೆ ಅಂದರೆ ಅದೇ ದಿನ ಅಮೆಜಾನ್ ಪ್ರೈಮ್ ವರ್ಷದ ಚಂದಾ 999ರಿಂದ 1,499ಕ್ಕೆ ಏರಿತು. ಒಬ್ಬರು ಅಟ್ಟದಿಂದ ಇಳಿದರು, ಇನ್ನೊಬ್ಬರು ನೆಲದಿಂದ ಹತ್ತಿದರು. ಯಾವುದು ಸರಿ ಅಂತ ಕೇಳಿದರೆ, ನಾನು ಹತ್ತುವವರ ಕಡೆ. ಮೇಲಿಂದ ಶುರು ಮಾಡಿದರೆ "ಅದು ನಮ್ಮಂಥವರಿಗಲ್ಲ" ಅಂತ ಒಂದು ಮಾತು ಊರಲ್ಲಿ ಕೂತುಬಿಡುತ್ತದೆ. ಆಮೇಲೆ ದರ ಇಳಿದರೂ ಆ ಮಾತು ಇಳಿಯಲು ವರ್ಷಗಟ್ಟಲೆ ಬೇಕು. ಭಾರತದಲ್ಲಿ ಅಂದುಕೊಂಡಷ್ಟು ಗೆಲ್ಲಲಾಗದ್ದು ಬೇಸರ ತಂದಿದೆ ಅಂತ 2022ರ ಜನವರಿಯಲ್ಲಿ ರೀಡ್ ಹೇಸ್ಟಿಂಗ್ಸ್ ಅವರೇ ಹೇಳಿದರು. ಆಗ ಅವರು ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥರಲ್ಲಿ ಒಬ್ಬರು.

ಪ್ರಶ್ನೆ: ಭಾಂಡುಪ್ ಸ್ಟೇಷನ್ ಹತ್ತಿರ ನನ್ನ ಹೋಟೆಲ್ ಇದೆ. ಮನೆಯ ಚಂದಾದಲ್ಲೇ ಹೋಟೆಲಿನ ಟಿವಿಗೆ ಐಪಿಎಲ್ ಹಾಕಬಹುದಾ?
(ಹೋಟೆಲ್ ಮಾಲೀಕರು)

ಹಾಕುವಂತಿಲ್ಲ ಧಣಿ. ಈ ಚಂದಾಗಳೆಲ್ಲ ಸ್ವಂತಕ್ಕೆ, ಮನೆ ಬಳಕೆಗೆ. ವ್ಯಾಪಾರದ ಜಾಗದಲ್ಲಿ ಗಿರಾಕಿಗಳಿಗೆ ತೋರಿಸಲು ಬೇರೆಯೇ ಪರವಾನಗಿ ಬೇಕು. ಕೇಬಲ್, ಡಿಶ್‌ನವರಲ್ಲಿ ಹೋಟೆಲಿಗೆ ಯಾವ ಕನೆಕ್ಷನ್ ಕೊಡುತ್ತೀರಿ ಅಂತ ಕೇಳಿ. ಪಕ್ಕದ ಹೋಟೆಲಿನವರು ಹಾಕಿದ್ದಾರೆ ಅನ್ನಬೇಡಿ, ಅವರು ಫುಟ್‌ಪಾತ್ ಮೇಲೆ ಟೇಬಲನ್ನೂ ಹಾಕಿದ್ದಾರೆ.

ಪ್ರಶ್ನೆ: ನಾವು ನಾಲ್ಕು ಗೆಳೆಯರು ಒಂದು 649ರ ಪ್ಲಾನ್ ಹಂಚಿಕೊಂಡಿದ್ದೆವು. ತಲೆಗೆ 162 ರೂಪಾಯಿ. ನಾಲ್ವರದೂ ಬೇರೆ ಬೇರೆ ಮನೆ. 2023ರ ಜುಲೈಯಲ್ಲಿ ನೆಟ್‌ಫ್ಲಿಕ್ಸ್ ಇದನ್ನು ನಿಲ್ಲಿಸಿತು. ನಾಲ್ಕು ಪರದೆಗೆ ಹಣ ಕೊಟ್ಟಿದ್ದೇವಲ್ಲ, ಪರದೆ ಯಾವ ಮನೆಯಲ್ಲಿದ್ದರೇನು?
(ಕಾಲೇಜು ವಿದ್ಯಾರ್ಥಿ, ಠಾಣೆ)

ತಮ್ಮಾ, ನಿನ್ನ ವಾದವನ್ನು ನಾನು 1995ರಲ್ಲೇ ಕೇಳಿದ್ದೇನೆ. ಚಾಳಿನ, ಅಂದರೆ ಒಂದೊಂದು ಕೋಣೆಯ ಸಾಲುಮನೆಗಳ, ಮೂರನೇ ಗಲ್ಲಿಯಲ್ಲಿ ಒಂದು ಮನೆಯ ಕನೆಕ್ಷನ್‌ಗೆ ಯಾರೋ ಸ್ಪ್ಲಿಟರ್ ಹಾಕಿ ಕಿಟಕಿಯಿಂದ ಕಿಟಕಿಗೆ ವೈರ್ ಎಳೆದಿದ್ದರು. ನಾಲ್ಕು ಮನೆ, ಒಂದು ಬಿಲ್ಲು. ಎಲ್ಲರ ಟಿವಿಯಲ್ಲೂ ಚುಕ್ಕಿ ಚುಕ್ಕಿ ಬರುತ್ತಿತ್ತು, ಆದರೂ ಖುಷಿಯಾಗಿದ್ದರು. ಮೊದಲ ವರ್ಷ ನಾನು ಕಂಡರೂ ಕಾಣದ ಹಾಗೆ ಇದ್ದೆ. ರುಚಿ ಹತ್ತಲಿ ಅಂತ. ಕ್ರಿಕೆಟ್ ನಡೆಯುವಾಗ ಚುಕ್ಕಿ ಬಂದರೆ ಎಷ್ಟು ದಿನ ತಡೆದಾರು?

ಎರಡನೇ ವರ್ಷ ಸ್ಪ್ಲಿಟರ್ ಕಿತ್ತೆ. ಕೀಳುವ ಮೊದಲು ಒಂದು ಕೆಲಸ ಮಾಡಿದ್ದೆ. ಬಿಲ್ಡಿಂಗ್‌ನಲ್ಲಿ 125 ಇದ್ದ ದರವನ್ನು ಚಾಳಿಗೆ 75 ಮಾಡಿದ್ದೆ. ನಾಲ್ಕರಲ್ಲಿ ಮೂರು ಮನೆ ಸೀದಾ ಗಿರಾಕಿಯಾದವು. ಕಿತ್ತು ಬಿಸಾಡಿ 125 ಕೊಡಿ ಅಂದಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ನಿಮ್ಮ ವಿಷಯದಲ್ಲೂ ಕ್ರಮ ಅದೇ ಇದೆ ನೋಡು. 2021ರ ಕೊನೆಗೆ ಕೆಳಗೆ 149, 199ರ ಮೆಟ್ಟಿಲು ಹಾಕಿದರು. ಒಂದೂವರೆ ವರ್ಷ ಬಿಟ್ಟು ಹಂಚಿಕೊಳ್ಳುವ ಬಾಗಿಲು ಮುಚ್ಚಿದರು. ಬೀಳುವವನಿಗೆ ಕಾಲಿಡಲು ಜಾಗ ಇತ್ತು. ನಿನ್ನ 162ಕ್ಕೆ 37 ರೂಪಾಯಿ ಸೇರಿಸಿದರೆ ನಿನ್ನದೇ ಖಾತೆ, ಟಿವಿಯಲ್ಲೂ ಬರುತ್ತದೆ. ನಿನಗೆ ಸಿಟ್ಟು ಬಂದದ್ದು ಸಹಜ, ಆದರೆ ಲೆಕ್ಕ ಅವರು ಸರಿಯಾಗೇ ಹಾಕಿದ್ದಾರೆ.

ಅಂದ ಹಾಗೆ ನಾನೂ ಸಾಚಾ ಅಲ್ಲ. ನಾನೂರು ಮನೆ ಇದ್ದಾಗ ಸಿಗ್ನಲ್ ಕೊಡುವ ಮೇಲಿನವರಿಗೆ ನೂರೈವತ್ತು ಅಂತ ಲೆಕ್ಕ ಕೊಡುತ್ತಿದ್ದೆ. ಈ ಧಂದೆಯಲ್ಲಿ ಹಾಗೆ ಮಾಡದವನನ್ನು ನಾನಂತೂ ಕಂಡಿಲ್ಲ. 2012ರ ಅಕ್ಟೋಬರ್ 31ರ ಗಡುವಿಗೆ ಮುಂಬಯಿಯಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಪ್ರತಿ ಬಾಕ್ಸಿಗೂ ನಂಬರು, ಮನೆ ಲೆಕ್ಕ ಮುಚ್ಚಿಡುವ ಆಟ ಮುಗಿಯಿತು. ಮರುವರ್ಷ ನಾನು ಧಂದೆ ಮಾರಿ ಡೊಂಬಿವಲಿಗೆ ಬಂದೆ.

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಯಕ್ಷಗಾನ, ತುಳು ನಾಟಕ, ಕನ್ನಡ ಕಿರುಚಿತ್ರಗಳ ಒಂದು ಆ್ಯಪ್ ಮಾಡುತ್ತಿದ್ದೇವೆ. ತಿಂಗಳಿಗೆ 99, ವರ್ಷಕ್ಕೆ 999 ಅಂತ ಒಬ್ಬ. ಮೊದಲ ವರ್ಷ ಎಲ್ಲ ಫ್ರೀ ಅಂತ ಇನ್ನೊಬ್ಬ. ದಿನಾ ಜಗಳ. ನೀವೇ ಹೇಳಿ ಅಣ್ಣಾ.
(ಖಾರ್‌ಘರ್‌ನಿಂದ ಒಬ್ಬ ಯುವಕ)

ಇಂಥ ಪತ್ರ ಬಂದರೆ ನನಗೆ ಊಟ ಬೇಡ.

ಫ್ರೀ ಅಂದವನನ್ನು ಮೊದಲು ಸುಮ್ಮನಿರಿಸು. 2023ರ ಐಪಿಎಲ್ ಅನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಅವರೇ ಪ್ರೀಮಿಯಂ ಚಂದಾವನ್ನು ತಿಂಗಳಿಗೆ 29 ರೂಪಾಯಿಗೆ ಇಟ್ಟರು. ಅವರ ಹಿಂದೆ ರಿಲಯನ್ಸ್ ಇತ್ತು, ಪುಕ್ಕಟೆ ತೋರಿಸಿಯೂ ನಿಂತರು. ನಿಮ್ಮ ಹಿಂದೆ ಯಾರಿದ್ದಾರೆ? ನಿಮ್ಮ ಮಾವಂದಿರು. ಒಂದು ವರ್ಷ ಪುಕ್ಕಟೆ ನೋಡಿದವನಿಗೆ ಆಮೇಲೆ ಹತ್ತು ರೂಪಾಯಿಯೂ ದರೋಡೆ ಅನ್ನಿಸುತ್ತದೆ. ನಾಟಕದ ಮೊದಲ ಇಪ್ಪತ್ತು ನಿಮಿಷ ಫ್ರೀ ಕೊಡಿ. ನಗು ಶುರುವಾದ ಜಾಗಕ್ಕೆ ನಿಲ್ಲಿಸಿ.

ಇನ್ನು 99. ಅದರಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತದೆ ಅಂತ ಕಾಗದದ ಮೇಲೆ ಬರೆದಿದ್ದೀರಾ? 18 ಪರ್ಸೆಂಟ್ ಜಿಎಸ್‌ಟಿ ಒಳಗೊಂಡ ದರ ಅಂದರೆ ತೆರಿಗೆ ಕಳೆದು ಸುಮಾರು 84. ಆ್ಯಪ್ ಅಂಗಡಿಯವರ ಪಾಲು ನೂರಕ್ಕೆ ಹದಿನೈದು ಅಂತ ಹಿಡಿದರೆ 71. ಅದರಲ್ಲಿ ಸರ್ವರು, ಮೇಳಕ್ಕೆ ಕೊಡುವ ಹಣ, ಕ್ಯಾಮೆರಾದವನು, ನೀವು ನಾಲ್ವರು. ತಿಂಗಳಿಗೆ 19 ಅಂತ ಇಟ್ಟು ಲಕ್ಷ ಜನ ಬರುತ್ತಾರೆ ಅಂತ ಕನಸು ಕಾಣುವ ಮೊದಲು ಈ ಲೆಕ್ಕ ಮಾಡಿ. ದೊಡ್ಡವರಿಗೆ ಅಗ್ಗದ ದರ ತಾಳುವುದು ಅವರ ಖರ್ಚು ಕೋಟಿ ಜನರ ಮೇಲೆ ಹಂಚಿ ಹೋಗುವುದರಿಂದ. ತುಳು ನಾಟಕಕ್ಕೆ ಕೋಟಿ ಜನ ಎಲ್ಲಿಂದ ತರುತ್ತೀರಿ?

ಆದರೆ 99 ತಪ್ಪು ಅಂತ ಅಲ್ಲ. ಒಂದೇ 99 ಇಡುವುದು ತಪ್ಪು. ನಿಮ್ಮ ಗಿರಾಕಿ ಯಾರು ಅಂತ ಯೋಚಿಸಿ. ನನಗೆ ಕಾಣುವುದು ಮೂರು ಜನ.

ಒಬ್ಬ ಸಾಕಿನಾಕಾದ ಹೋಟೆಲಿನ ಹುಡುಗ. ಒಂದು ರೂಮಿನಲ್ಲಿ ಎಂಟು ಜನ, ರಾತ್ರಿ ಹನ್ನೆರಡಕ್ಕೆ ಮಲಗುವ ಹೊತ್ತು, ಕಿವಿಗೆ ಇಯರ್‌ಫೋನ್. ಅವನ ಹತ್ತಿರ ಹಣ ಇಲ್ಲ ಅಂತ ಅಲ್ಲ, ಇಪ್ಪತ್ತನೇ ತಾರೀಕಿಗೆ ಇರುವುದಿಲ್ಲ. ನನ್ನ ವಸೂಲಿ ಪುಸ್ತಕದಲ್ಲಿ ಚಾಳಿನ ಪುಟಗಳಲ್ಲಿ ಎರಡು ಕಾಲಂ ಇತ್ತು. 7ನೇ ತಾರೀಕಿಗೆ 40, 22ಕ್ಕೆ 35. ಒಟ್ಟು ಅದೇ 75. ಒಟ್ಟಿಗೆ ಕೇಳುತ್ತಿದ್ದಾಗ ಬಾಕಿ ಬೆಟ್ಟದಷ್ಟಿತ್ತು. ತುಂಡು ಮಾಡಿದ ಮೇಲೆ ಮುಕ್ಕಾಲು ಬಾಕಿ ಕರಗಿತು. ಹುಡುಗನನ್ನು ಎರಡು ಸಲ ಕಳಿಸುವ ಖರ್ಚು ನನಗಿತ್ತು, ನಿಮಗೆ ಅದೂ ಇಲ್ಲ. ಯುಪಿಐಯಲ್ಲಿ ಹತ್ತು ರೂಪಾಯಿಯೂ ಬರುತ್ತದೆ. ಅವನಿಗೆ ವಾರದ ಪ್ಯಾಕ್ ಮಾಡಿ, ಫೋನಿಗೆ ಮಾತ್ರ. ಹಾಟ್‌ಸ್ಟಾರ್ ಹಿಂದೆ 365 ರೂಪಾಯಿಯ ವರ್ಷದ ಪ್ಲಾನ್ ಇಟ್ಟಿತ್ತು, ದಿನಕ್ಕೊಂದು ರೂಪಾಯಿ. ಕೇಳಲು ಚೆಂದ, ಆದರೆ ಆ 365 ಒಟ್ಟಿಗೆ ಕೊಡಬೇಕಲ್ಲ. 2025ರ ಫೆಬ್ರವರಿಯಲ್ಲಿ ಅದು ಜಿಯೋಸಿನಿಮಾ ಜೊತೆ ಸೇರಿ ಜಿಯೋಹಾಟ್‌ಸ್ಟಾರ್ ಆದಾಗ ಮೊಬೈಲಿಗೆ ಮೂರು ತಿಂಗಳಿಗೆ 149 ಇಟ್ಟರು. ಅದು ನಮ್ಮ ಜೇಬಿಗೆ ಹತ್ತಿರದ ತುಂಡು.

ಇನ್ನೊಂದು ವಿಷಯ, ಅವನ ಡೇಟಾ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರುತ್ತದೆ. ಇಡೀ ರಾತ್ರಿಯ ಆಟವನ್ನು ದಪ್ಪ ಫೈಲ್ ಮಾಡಿ ಹಾಕಿದರೆ ಭಾಗವತರು ಮಂಗಳ ಹಾಡುವ ಮೊದಲೇ ಡೇಟಾ ಮುಗಿಯುತ್ತದೆ. ಸಣ್ಣ ಫೈಲ್ ಮಾಡಿ. ಹೋಟೆಲಿನ ವೈಫೈಯಲ್ಲಿ ಇಳಿಸಿಕೊಂಡು ರೂಮಿನಲ್ಲಿ ನೋಡುವ ಹಾಗಿರಲಿ.

ಎರಡನೆಯವರು ಡೊಂಬಿವಲಿ, ಮುಲುಂಡ್‌ನ ಸಂಸಾರ. ಟಿವಿಯಲ್ಲಿ, ಭಾನುವಾರ, ಅಜ್ಜಿಯ ಜೊತೆ. ಇವರಿಗೆ 99 ಇರಲಿ, ವರ್ಷಕ್ಕೆ 999 ಇರಲಿ. ಹೊಸ ನಾಟಕ ಬಂದರೆ ಅದಕ್ಕೆ ಬೇರೆ ಟಿಕೆಟ್ ಇಡಿ, ಎರಡು ದಿನಕ್ಕೆ 49. ಹಿಂಜರಿಯಬೇಡಿ. ಮಾಟುಂಗದಲ್ಲಿ ನಾಟಕ ಇದ್ದರೆ ರೈಲು ಹತ್ತಿ, ಟಿಕೆಟ್ ತೆಗೆದು, ವಡೆ ತಿಂದು ಬರುವ ಜನ ಇವರು.

ಮೂರನೆಯವನು ದುಬೈ, ಬಹರೈನ್‌ನಲ್ಲಿ ಕೂತವನು. ಊರಿನ ಮೇಳದ ಚೆಂಡೆ ಕೇಳಿದರೆ ಕಣ್ಣು ತುಂಬುವುದು ಅವನಿಗೇ. ಅವನಿಗೆ ಅಲ್ಲಿನ ದುಡ್ಡಿನಲ್ಲಿ ಬೇರೆ ದರ. ಇದನ್ನು ಮೋಸ ಅನ್ನಬೇಡ. ನೆಟ್‌ಫ್ಲಿಕ್ಸ್‌ನಂಥವರೂ ದೇಶಕ್ಕೊಂದು ದರ ಇಡುತ್ತಾರೆ. ಸಾಕಿನಾಕಾದ ಹುಡುಗನ ವಾರದ ಪ್ಯಾಕ್‌ಗೆ ಅರ್ಧ ಖರ್ಚು ಕೊಡುವವನು ಇವನೇ.

ಕೊನೆಗೆ ನನ್ನದೇ ಒಂದು ಪೆಟ್ಟು. ಒಮ್ಮೆ ಒಂದು ಸೊಸೈಟಿಯಲ್ಲಿ ಹೇಳದೆ ಕೇಳದೆ 125ನ್ನು 150 ಮಾಡಿದೆ. ಇಪ್ಪತ್ತೈದು ರೂಪಾಯಿ, ಯಾರು ಗಮನಿಸುತ್ತಾರೆ ಅಂದುಕೊಂಡೆ. ಸೆಕ್ರೆಟರಿ ಮೀಟಿಂಗ್ ಕರೆದರು. ಒಂದೇ ವಾರದಲ್ಲಿ ಇಪ್ಪತ್ತೆರಡು ಕನೆಕ್ಷನ್ ಬೇರೆ ಆಪರೇಟರಿಗೆ ಹೋಯಿತು. ವೈರ್ ಸುತ್ತಿಕೊಂಡು ಮೆಟ್ಟಿಲು ಇಳಿಯುವಾಗ ಎರಡನೇ ಮಹಡಿಯ ಅಜ್ಜಿ ಬಾಗಿಲಲ್ಲಿ ನಿಂತು, "ಕೇಳಿದ್ದರೆ ಕೊಡುತ್ತಿದ್ದೆವಲ್ಲೋ" ಅಂದರು. ದರ ಏರಿಸುವಾಗ ಹಳೇ ಗಿರಾಕಿಗೆ ಹಳೇ ದರ ಆರು ತಿಂಗಳಾದರೂ ಇರಲಿ. ಮೊದಲೇ ಹೇಳಿ ಏರಿಸಿ.

ಪ್ರಶ್ನೆ: ಹಣ ಕೊಟ್ಟ ಮೇಲೂ ಪ್ರೈಮ್ ವಿಡಿಯೊದಲ್ಲಿ ಜಾಹೀರಾತು ಬರುತ್ತದೆ. ಇದು ನ್ಯಾಯವೇ?
(ಮೀರಾ ರೋಡ್ ಓದುಗರು)

2025ರ ಜೂನ್ 17ರಿಂದ ಶುರುವಾಗಿದ್ದು. ಜಾಹೀರಾತು ಬೇಡ ಅಂದರೆ ಚಂದಾದ ಮೇಲೆ ವರ್ಷಕ್ಕೆ 699 ಅಥವಾ ತಿಂಗಳಿಗೆ 129. ಕೇಬಲ್‌ನಲ್ಲೂ ನೀವು ಹಣ ಕೊಟ್ಟೇ ಜಾಹೀರಾತು ನೋಡುತ್ತಿದ್ದಿರಿ, ಆಗ ಯಾರೂ ಪತ್ರ ಬರೆಯಲಿಲ್ಲ! ಕಡಿಮೆ ಹಣ ಇದ್ದವನು ಉಳಿದದ್ದನ್ನು ಸಮಯದಲ್ಲಿ ಕೊಡುತ್ತಾನೆ, ಆ ವ್ಯವಹಾರ ನನಗೆ ಒಪ್ಪಿಗೆ. ನನಗೆ ಹಿಡಿಸದ್ದು ಮಾಡಿದ ರೀತಿ. ಇದ್ದ ಪ್ಲಾನ್ ಹಾಗೇ ಬಿಟ್ಟು, ಕೆಳಗೆ ಜಾಹೀರಾತಿನ ಅಗ್ಗದ ಪ್ಲಾನ್ ಒಂದನ್ನು ಇಟ್ಟಿದ್ದರೆ ಜನ ತಾವಾಗಿ ಇಳಿಯುತ್ತಿದ್ದರು. ಕೂತವನ ಕೆಳಗಿನ ಕುರ್ಚಿ ಎಳೆದು, ಬೇಕಾದರೆ ಬಾಡಿಗೆಗೆ ತಗೊಳ್ಳಿ ಅಂದ ಹಾಗಾಯಿತು.

ಪ್ರಶ್ನೆ: ಹೋದ ತಿಂಗಳು ನನ್ನ ಖಾತೆಯಿಂದ 1,499 ರೂಪಾಯಿ ತಾನಾಗಿ ಹೋಯಿತು. ಮಗ ಎಂದೋ ಮಾಡಿಟ್ಟ ಚಂದಾ. ಅವನೀಗ ಜರ್ಮನಿಯಲ್ಲಿದ್ದಾನೆ. ಏನು ಮಾಡಲಿ?
(ನಿವೃತ್ತ ಶಿಕ್ಷಕರು, ಕೋಥ್‌ರೂಡ್, ಪುಣೆ)

ಮೇಷ್ಟ್ರೇ, ಮೊದಲು ಫೋನಿನ ಮೆಸೇಜ್ ಹುಡುಕಿ. ಹೀಗೆ ತಾನಾಗಿ ಹಣ ಕಡಿಯುವಾಗ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, 2021ರ ಅಕ್ಟೋಬರ್‌ನಿಂದ ಅದನ್ನು ಬಿಗಿ ಮಾಡಿದ್ದಾರೆ. 2022ರಲ್ಲಿ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಓಟಿಪಿ ಬೇಡ ಅಂತಲೂ ಮಾಡಿದರು. ಹಾಗಾಗಿ ಮೆಸೇಜ್ ಬಂದಿರುತ್ತದೆ, ನೀವು ಲೋನ್ ಕೊಡುವವರ ಮೆಸೇಜ್ ಅಂದುಕೊಂಡು ಅಳಿಸಿರುತ್ತೀರಿ. ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಥವಾ ಮ್ಯಾಂಡೇಟ್ ಅನ್ನುವ ಜಾಗ ಇರುತ್ತದೆ. ಅಲ್ಲಿ ಪಟ್ಟಿ ಸಿಗುತ್ತದೆ, ಬೇಡದ್ದನ್ನು ರದ್ದು ಮಾಡಿ. ಕಾರ್ಡಿನಿಂದ ಹೋಗಿದ್ದರೆ ಬ್ಯಾಂಕಿನ ಸೈಟಿನಲ್ಲಿ ನೋಡಬೇಕು. ಹೋದ ಹಣ ವಾಪಸ್ ಬರುವುದು ಕಷ್ಟ. ಉಳಿದ ತಿಂಗಳುಗಳಲ್ಲಿ ನೋಡಿ ತೀರಿಸಿ. ಮಗನ ಮೇಲೆ ಸಿಟ್ಟಾಗಬೇಡಿ. ಮೊಮ್ಮಗಳ ಚಿತ್ರ ಬಿಡಿಸುವ ಒಂದು ಆ್ಯಪ್‌ಗೆ ನಾನು ಏಳು ತಿಂಗಳು ಹಣ ಕಟ್ಟಿದ್ದೇನೆ. ಅವಳು ಅದನ್ನು ಎರಡನೇ ದಿನವೇ ಅಳಿಸಿದ್ದಳು.

ಪ್ರಶ್ನೆ: ಹಿಂದಿಯವನೂ 149 ಕೊಡುತ್ತಾನೆ, ನಾನೂ 149 ಕೊಡುತ್ತೇನೆ. ಅವನಿಗೆ ಸಿಗುವುದು ಗಾಡಿ ತುಂಬ. ನನಗೆ ಕನ್ನಡದ್ದು ಬೆರಳೆಣಿಕೆ. ನನಗೆ ದರ ಕಡಿಮೆ ಮಾಡಬೇಕಲ್ವಾ?
(ಬೊರಿವಲಿಯಿಂದ ಒಬ್ಬ ಓದುಗ)

ಈ ಪ್ರಶ್ನೆಗೆ ನನ್ನ ಹತ್ತಿರ ಹಾರಿಕೆಯ ಉತ್ತರ ಇಲ್ಲ. ನೀವು ಹೇಳಿದ್ದು ನಿಜ. ಇಡ್ಲಿ ಸಾಂಬಾರ್‌ಗೆ ಹಣ ತೆಗೆದುಕೊಂಡು ಸಾಂಬಾರ್ ಮಾತ್ರ ಕೊಟ್ಟರೆ ಅಗ್ಗ ಅನ್ನಲಾಗದು. ದರ ದುಬಾರಿ ಅನ್ನಿಸುವುದು ಎಷ್ಟೋ ಸಲ ನಮ್ಮ ಜೇಬಿನಿಂದಲ್ಲ, ತಟ್ಟೆಯಲ್ಲಿ ಬಿದ್ದದ್ದರಿಂದ.

ರಕ್ಷಿತ್ ಶೆಟ್ಟಿಯವರ ಸಂಸ್ಥೆಯ 'ಏಕಂ' ಸರಣಿ ಗೊತ್ತಲ್ಲ. ದೊಡ್ಡ ಓಟಿಟಿಗಳಲ್ಲಿ ಜಾಗ ಸಿಗದೆ 2024ರ ಜುಲೈಯಲ್ಲಿ ಅವರು ತಮ್ಮದೇ ವೇದಿಕೆ ಕಟ್ಟಿ ಬಿಟ್ಟರು. ದರ 149. ನೆಟ್‌ಫ್ಲಿಕ್ಸ್‌ನ ಮೊಬೈಲ್ ಪ್ಲಾನಿನಲ್ಲಿ ಒಂದು ತಿಂಗಳಿಗೆ ಸಾವಿರಾರು ಸಿನಿಮಾದ ದರ ಯಾವುದೋ, ಇಲ್ಲಿ ಒಂದೇ ಸರಣಿಗೆ ಅದೇ. ನನ್ನ ಭಾವ ಸರ್ಕಾರಿ ನೌಕರ, ಒಂದು ಪೈಸೆ ಬಿಚ್ಚುವವನಲ್ಲ. ಅವನು ಕೊಟ್ಟ. ಯಾಕೆ ಕೊಟ್ಟೆ ಅಂತ ಕೇಳಿದೆ. "ನಮ್ಮ ಕರಾವಳಿಯದ್ದು ಮಾರಾಯ, ಅಲ್ಲಿ ಮಾತಾಡುವುದು ಅರ್ಥ ಆಗುತ್ತದೆ" ಅಂದ. ಅದೇ ಮನುಷ್ಯ ಮಗಳ 149ರ ಮೊಬೈಲ್ ಪ್ಲಾನನ್ನು ಮೂರು ಸಲ ರದ್ದು ಮಾಡಿಸಿದ್ದಾನೆ.

ಕನ್ನಡದವರಿಗೆ ಬೇರೆ ದರ ಯಾರೂ ಇಡುವುದಿಲ್ಲ, ಕಾಯಬೇಡಿ. ನೀವು ಮಾಡಬಹುದಾದ್ದು ಒಂದಿದೆ. ವರ್ಷದ ಚಂದಾ ಕಟ್ಟಬೇಡಿ. ನಿಮಗೆ ಬೇಕಾದ ಕನ್ನಡ ಸಿನಿಮಾ ಎರಡು ಮೂರು ಒಂದೇ ಕಡೆ ಬಂದಾಗ ಆ ಒಂದು ತಿಂಗಳು ಕಟ್ಟಿ, ನೋಡಿ, ರದ್ದು ಮಾಡಿ. ಬಿಡುವಾಗ ಯಾಕೆ ಬಿಡುತ್ತಿದ್ದೀರಿ ಅಂತ ಆ್ಯಪ್ ಕೇಳಿದರೆ ಸುಮ್ನೆ ಮುಂದೆ ಒತ್ತಬೇಡಿ. ಬರೆಯಲು ಜಾಗ ಕೊಟ್ಟಿದ್ದರೆ "ಕನ್ನಡ ಇಲ್ಲ" ಅಂತ ಕನ್ನಡದಲ್ಲೇ ಬರೆಯಿರಿ. ನಾನು ಹೀಗೆ ನಾಲ್ಕು ಸಲ ಬರೆದಿದ್ದೇನೆ. ಮೂರು ಸಲ 50 ಪರ್ಸೆಂಟ್ ರಿಯಾಯಿತಿಯ ಮೆಸೇಜ್ ಬಂತು, ಹಿಂದಿಯಲ್ಲಿ.